ಓರೆಯಾದ ಗೆರೆ ಯಾರ ತಪ್ಪು?

ಶಾಲೆಯ ಸ್ಮರಣ ಸಂಚಿಕೆಯಲ್ಲಿ ವಿದ್ಯೆ, ನಡತೆ, ಆರೋಗ್ಯ ಮೊದಲಾದ ದೊಡ್ಡ ವಿಷಯಗಳನ್ನು ಕುರಿತ ಲೇಖನಗಳು ಬರುವುದು ವಾಡಿಕೆ. ನಾವು ಈ ಸಲ ಬಹು ಚಿಕ್ಕದೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಕ್ರೋಶಾ ಕಡ್ಡಿಯಿಂದ ಸುತ್ತುಸುತ್ತಾಗಿ ಹೆಣೆದ ಉಡುಪಿನಲ್ಲಿ, ಪ್ರತಿಯೊಂದು ಸುತ್ತಿನ ಕೊನೆಯನ್ನು ಅದರ ಮೊದಲಿಗೆ ಸೇರಿಸಿದ ಸ್ಥಳದಲ್ಲಿ ಒಂದು ಗೆರೆ ಏಳುತ್ತದಷ್ಟೆ. ಆ ಗೆರೆಯು ನೆಟ್ಟಗೆ ನಿಲ್ಲದೆ ಓರೆಯಾಗಿ ಸಾಗುವುದೇಕೆ, ಅದಕ್ಕೆ ಮಾಡತಕ್ಕದ್ದೇನು, ಎಂಬುದೇ ನಮ್ಮ ವಿಷಯ. ಇದೇನು ಮಹಾ ಎಂದು ವಾಚಕರು ಮುಗುಳ್ನಗಬಹುದು. ಆದರೆ ಈ ಓರೆಗೆರೆಯ ದೆಸೆಯಿಂದ ತಿಂಗಳುಗಟ್ಟಲೆಯ ಕೆಲಸವನ್ನು ಬಿಚ್ಚಿ ಕಣ್ಣೀರು ಸುರಿಸಿದ ಹುಡುಗಿಯರು ನಮ್ಮ ಶಾಲೆಗಳಲ್ಲಿ ಒಬ್ಬಿಬ್ಬರಲ್ಲ. ಅವರಲ್ಲಿ ಒಬ್ಬಳ ಕಣ್ಣೀರಿಗೆ ನಾವೇ ಕಾರಣರಾದೆವು. ಆದಕಾರಣ ಇದನ್ನು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಹವೆಯನ್ನು ಬಲ್ಲವರಿಗೆ ಬೆಚ್ಚನೆಯ ಉಡುಪಿನ ಬೆಲೆಯನ್ನು ಹೇಳಬೇಕಾದುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲ್ಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯುವುದೂ ಮಳೆಯು ಹಿಡಿಯುವುದೂ ಒಂದೇ ಕಾಲಕ್ಕೆ. ಹಿಂದೆ ಮಳೆಗಾಲಕ್ಕೆ ಕಂಬಳಿಕೊಪ್ಪೆ, ಗೊರಬುಗಳಿದ್ದುವು. ಈಗ ಮಕ್ಕಳ ಮೈಮೇಲೆ ಉಲ್ಲನ್ ಅಂಗಿಯೂ ತಲೆಯ ಮೇಲೆ ಟೊಪ್ಪಿಗೆಯೂ ಇರುತ್ತವೆ. ತಮ್ಮನಿಗೋ ತಂಗಿಗೋ ಇಂಥ ಅಂಗಿಯೊಂದನ್ನು ಕೈಯಾರೆ ಹೆಣೆದುಕೊಡುವುದು ನಮ್ಮ ಹುಡುಗಿಯರಿಗೆ ಅಲಂಕಾರದ ಮಾತಲ್ಲ, ಮನೆಯ ಅಗತ್ಯದ ಮಾತು.

ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಶಾಲೆಯ ಕೈಗೆಲಸದ ಪ್ರದರ್ಶನದಲ್ಲಿ ಬಹುಮಾನಗಳನ್ನು ತೀರ್ಮಾನಿಸುವ ಕೆಲಸವು ನಮ್ಮ ಪಾಲಿಗೆ ಬಂದಿತ್ತು. ಹೊಸನಗರದ ಕಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿಯು ತನ್ನ ತಮ್ಮನಿಗಾಗಿ ತೋಳಿಲ್ಲದ ಅಂಗಿಯೊಂದನ್ನು ಹೆಣೆದು ತಂದಿದ್ದಳು. ಕಣ್ಣುಗಳೆಲ್ಲ ಒಂದೇ ಸಮ. ಅಂಚು ಬಹು ಚೆನ್ನಾಗಿತ್ತು. ಆದರೆ ಬಲಪಕ್ಕದ ಕೆಳಗಿನಿಂದ ಹೊರಟ ಜೋಡಣೆಯ ಗೆರೆಯು ಕಂಕುಳಿಗೆ ನೇರವಾಗಿ ಏರುವುದಕ್ಕೆ ಬದಲಾಗಿ ಓರೆಯಾಗಿ ಎದೆಯ ಕಡೆಗೆ ನಡೆದುಬಂದಿತ್ತು. ನಾವು ಅದನ್ನು ನೋಡಿದೊಡನೆಯೇ, "ಎಣಿಕೆಯಲ್ಲಿ ತಪ್ಪಿದ್ದೀಯೆ, ಮಗೂ. ಬಿಚ್ಚಿ ಮತ್ತೆ ಹೆಣೆ," ಎಂದುಬಿಟ್ಟೆವು. ಆಕೆ ಬಿಚ್ಚಿದಳು; ಹೆಣೆದಳು; ಗೆರೆ ಮತ್ತೆ ಓರೆಯಾಯಿತು. ಮತ್ತೊಮ್ಮೆ ಬಿಚ್ಚಿದಳು. ಮೂರನೆಯ ಸಲ ಅಂಗಿಯನ್ನು ನಮ್ಮ ಮುಂದಿಟ್ಟು, "ಅಮ್ಮನವರೇ, ನೀವೇ ಎಣಿಸಿ ನೋಡಿ. ಯಾವ ಸುತ್ತಿನಲ್ಲಿಯೂ ಒಂದು ಕಣ್ಣು ಹೆಚ್ಚಿಲ್ಲ, ಒಂದು ಕಡಮೆಯಿಲ್ಲ," ಎಂದಳು. ನಾವು ಎಣಿಸಿದೆವು. ಮೇಲಿನಿಂದ ಕೆಳಗಿನವರೆಗೆ ಪ್ರತಿಯೊಂದು ಸುತ್ತಿನಲ್ಲಿಯೂ 96 ಕಣ್ಣುಗಳೇ ಇದ್ದುವು. ನಮ್ಮ ಬಾಯಿಂದ ಉತ್ತರ ಹೊರಡಲಿಲ್ಲ. ಆಕೆ ಆ ಅಂಗಿಯನ್ನು ಮಡಿಸಿಕೊಂಡು ಹೋದಳು. ಆಮೇಲೆ ಕಡ್ಡಿಯನ್ನು ಕೈಯಲ್ಲಿ ಹಿಡಿಯಲಿಲ್ಲವೆಂದು ಕೇಳಿದೆವು.

ಆ ರಾತ್ರಿಯೇ ನಾವು ಕಡ್ಡಿಯನ್ನೂ ನೂಲನ್ನೂ ತೆಗೆದುಕೊಂಡು ಕುಳಿತೆವು. ಹಲವು ದಿನಗಳ ಪ್ರಯತ್ನದ ಮೇಲೆ ನಮಗೆ ತಿಳಿದುಬಂದುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಕಾರಣ. ಕ್ರೋಶಾದ ಒಂದೊಂದು ಕಣ್ಣಿಗೂ ಒಂದು ಕಾಲು, ಒಂದು ತಲೆ ಉಂಟು. ತಲೆಯೆಂದರೆ ಮೇಲೆ ಜಡೆಯಂತೆ ಕಾಣುವ ಎರಡು ಎಳೆಗಳು. ಬಲಗೈಯವರು ಬಲದಿಂದ ಎಡಕ್ಕೆ ಹೆಣೆಯುತ್ತ ಹೋಗುವಾಗ ಈ ತಲೆಯು ಕಾಲಿನ ನೆತ್ತಿಯ ಮೇಲೆ ಸರಿಯಾಗಿ ಕೂರದೆ ಸ್ವಲ್ಪ ಬಲಕ್ಕೆ ಜರುಗಿ ಕೂರುತ್ತದೆ. ಮುಂದಿನ ಸುತ್ತಿನ ಕಣ್ಣು ಆ ತಲೆಯೊಳಗೆ ಹುಟ್ಟುವುದರಿಂದ ಅದು ಇನ್ನೂ ಸ್ವಲ್ಪ ಬಲಕ್ಕೆ ಹೋಗುತ್ತದೆ. ಒಂದು ಸುತ್ತಿನಲ್ಲಿ ಇದು ಕಣ್ಣಿಗೆ ಕಾಣದಷ್ಟು ಅಲ್ಪ. ನಲವತ್ತು ಐವತ್ತು ಸುತ್ತುಗಳಲ್ಲಿ ಅಲ್ಪವೆಲ್ಲ ಕೂಡಿ ಎದ್ದುಕಾಣುತ್ತದೆ. ಹಾಸಾಗಿ ಹೆಣೆಯುವ ಕೆಲಸದಲ್ಲಿ ಪ್ರತಿ ಸಾಲಿನ ಕೊನೆಗೂ ಕೆಲಸವನ್ನು ಹಿಂದುಮುಂದಾಗಿ ತಿರುಗಿಸಿಕೊಳ್ಳುತ್ತೇವಾದುದರಿಂದ, ಒಂದು ಸಾಲು ಬಲಕ್ಕೆ ಜರುಗಿದರೆ ಮುಂದಿನದು ಎಡಕ್ಕೆ ಜರುಗಿ ಲೆಕ್ಕ ತೀರಿಹೋಗುತ್ತದೆ. ಸುತ್ತು ಕೆಲಸದಲ್ಲಿ ಯಾವಾಗಲೂ ಒಂದೇ ಮುಖವು ನಮ್ಮ ಕಡೆಗಿರುವುದರಿಂದ ಸಾಲವು ಬೆಳೆಯುತ್ತಲೇ ಹೋಗುತ್ತದೆ. ಎಡಗೈಯಿಂದ ಹೆಣೆಯುವ ಹುಡುಗಿಯ ಗೆರೆಯು ಇದೇ ಕಾರಣದಿಂದ ಎಡಕ್ಕೆ ಓರೆಯಾಗುತ್ತದೆ. ಇದನ್ನರಿಯದೆ, ಎಡಗೈಯ ಕೆಲಸವು ಸೊಟ್ಟಗಾಗುತ್ತದೆಂದು ಹೇಳಿ ಆಕೆಯ ಕೈಯನ್ನು ಬದಲಾಯಿಸಹೋಗುವುದು ಶುದ್ಧ ಅನ್ಯಾಯ.

ಎರಡನೆಯದಾಗಿ, ಸ್ವಭಾವಕ್ಕೂ ತಪ್ಪಿಗೂ ಇರುವ ಭೇದ. ಓರೆಯಾದ ಗೆರೆಯೆಲ್ಲವೂ ನಿರ್ದೋಷವೆಂದು ನಾವು ಹೇಳುವುದಿಲ್ಲ. ಪರೀಕ್ಷೆಯು ಸುಲಭವಾಗಿದೆ. ಮೊದಲು ಕಣ್ಣುಗಳನ್ನು ಎಣಿಸಬೇಕು. ಎಣಿಕೆಯು ಸುತ್ತಿನಿಂದ ಸುತ್ತಿಗೆ ಏರಿದರೆ, ಸುತ್ತನ್ನು ಸೇರಿಸಿದ ಸ್ಲಿಪ್ ಸ್ಟಿಚ್ಚನ್ನೇ ಒಂದು ಕಣ್ಣೆಂದು ತಿಳಿದು ಅದರೊಳಗೆ ಹೆಣೆದಿರುತ್ತಾಳೆ. ಇಳಿದರೆ, ಮೊದಲನೆಯ ಕಣ್ಣನ್ನೋ ಕೊನೆಯ ಕಣ್ಣನ್ನೋ ಬಿಟ್ಟಿರುತ್ತಾಳೆ. ಎಣಿಕೆ ಸರಿಯಾಗಿದ್ದು, ಬಲಗೈಯವಳ ಗೆರೆಯು ಎಡಕ್ಕೆ ಬೇಗಬೇಗನೆ ಓಡುತ್ತಿದ್ದರೆ, ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿವೆಯೆಂದು ತಿಳಿಯಬೇಕು. ಆಕೆ ಮೊದಲ ಕಣ್ಣನ್ನು ಬಿಟ್ಟು ಎರಡನೆಯದರಿಂದ ಆರಂಭಿಸಿ, ಕೊನೆಯಲ್ಲಿ ಸ್ಲಿಪ್ ಸ್ಟಿಚ್ಚಿನೊಳಗೆ ಒಂದು ಕಣ್ಣು ಹಾಕಿ ಲೆಕ್ಕ ಸರಿದೂಗಿಸಿರುತ್ತಾಳೆ. ಎಣಿಕೆ ಸರಿಯಾಗಿದ್ದು ಗೆರೆಯು ಬಲಕ್ಕೆ ಮೆಲ್ಲನೆ, ಒಂದೇ ಸಮನಾಗಿ ವಾಲುತ್ತಿದ್ದರೆ ಮಾತ್ರ ಅದು ಕಣ್ಣಿನ ಸ್ವಭಾವ, ಹುಡುಗಿಯಲ್ಲಿ ದೋಷವಿಲ್ಲ. ನಮ್ಮ ಆ ವಿದ್ಯಾರ್ಥಿನಿಯ ಗೆರೆ ಬಲಕ್ಕೇ ವಾಲಿತ್ತು. ನೋಡುವವರ ಎಡಗಡೆಯಿಂದ, ಎಂದರೆ ಉಡುವವನ ಬಲಪಕ್ಕದಿಂದ, ಮುಂಭಾಗಕ್ಕೆ ಬಂದಿತ್ತು. ಆ ದಿನ ಈ ಪರೀಕ್ಷೆಯು ನಮಗೆ ಗೊತ್ತಿದ್ದರೆ ಒಂದು ನಿಮಿಷದಲ್ಲಿ ಆಕೆಯನ್ನು ನಿರಪರಾಧಿಯೆಂದು ಹೇಳಬಹುದಾಗಿತ್ತು.

ಎಣಿಕೆಯ ತಪ್ಪು ಬಾರದಿರಲು ಪ್ರತಿ ಸುತ್ತಿನ ಮೊದಲ ಕಣ್ಣನ್ನು ಹೆಣೆದೊಡನೆ ಅದಕ್ಕೆ ಬೇರೆ ಬಣ್ಣದ ದಾರವನ್ನೋ ಪಿನ್ನನ್ನೋ ಸಿಕ್ಕಿಸಿಡತಕ್ಕದ್ದು. ಡಬಲ್ ಕ್ರೋಶಾ ಎಂಬ ಗಿಡ್ಡ ಕಣ್ಣಿನಲ್ಲಿ ಸುತ್ತಿನ ಆರಂಭದ ಒಂದು ಸರಪಳಿಯನ್ನು ಕಣ್ಣಾಗಿ ಎಣಿಸದೆ, ಸೇರಿಸಿದ ಸ್ಥಳದಲ್ಲಿಯೇ ಮೊದಲ ಕಣ್ಣನ್ನು ಹಾಕುವುದು ರೂಢಿ. ಟ್ರೆಬಲ್ ಎಂಬ ಎತ್ತರದ ಕಣ್ಣಿನಲ್ಲಿ ಮೂರು ಸರಪಳಿಗಳೇ ಮೊದಲ ಕಣ್ಣಾಗುವುದರಿಂದ, ಮುಂದಿನ ಕಣ್ಣನ್ನು ಎರಡನೆಯ ಸ್ಥಳದಲ್ಲಿ ಹಾಕಿ, ಕೊನೆಗೆ ಮೂರನೆಯ ಸರಪಳಿಯ ತಲೆಗೆ ಸೇರಿಸಬೇಕು. ಇಲ್ಲಿ ಇನ್ನೊಂದು ತೊಡಕುಂಟು. ನಾವು ಹೇಳಿದ ಹೆಸರುಗಳು ಇಂಗ್ಲೆಂಡಿನವು. ಇಂಗ್ಲೆಂಡಿನ ಡಬಲ್ ಕ್ರೋಶಾವನ್ನು ಅಮೆರಿಕದವರು ಸಿಂಗಲ್ ಎಂದೂ ಇಂಗ್ಲೆಂಡಿನ ಟ್ರೆಬಲನ್ನು ಅವರು ಡಬಲ್ ಎಂದೂ ಕರೆಯುತ್ತಾರೆ. ಈಗಿನ ಹುಡುಗಿಯರು ಮೊಬೈಲ್ ಫೋನಿನಲ್ಲಿ ನೋಡಿ ಕಲಿಯುವ ಪಾಠಗಳಲ್ಲಿ ಅಮೆರಿಕದ ಹೆಸರುಗಳೂ ಹೇರಳವಾಗಿರುವುದರಿಂದ, ಹೆಸರನ್ನು ನಂಬದೆ ಕಣ್ಣಿನ ಎತ್ತರವನ್ನು ನೋಡಿ ತಿಳಿಯುವುದು ಲೇಸು.

ಮೂರನೆಯದಾಗಿ, ಪರಿಹಾರ. ಎಲ್ಲಕ್ಕಿಂತ ಸುಲಭವಾದುದು, ಪ್ರತಿ ಸುತ್ತನ್ನು ಸೇರಿಸಿ, ಒಂದು ಸರಪಳಿ ಹಾಕಿ, ಕೆಲಸವನ್ನು ತಿರುಗಿಸಿ ಒಳಮುಖದಿಂದ ಹಿಂದಕ್ಕೆ ಹೆಣೆಯುವುದು. ಹುರಿ ಹೊಸೆಯುವುದನ್ನು ನಮ್ಮ ಹಳ್ಳಿಯ ಮಕ್ಕಳೆಲ್ಲರೂ ಕಂಡಿದ್ದಾರೆ. ಒಂದೊಂದು ಎಳೆಯನ್ನು ಒಂದು ಕಡೆಗೆ ತಿರುಚಿ, ಅವೆರಡನ್ನೂ ಕೂಡಿಸುವಾಗ ಅದಕ್ಕೆ ವಿರೋಧವಾದ ಕಡೆಗೆ ತಿರುಚುತ್ತಾರೆ. ಒಂದರ ತಿರುಚು ಇನ್ನೊಂದನ್ನು ತಡೆಯುವುದರಿಂದಲೇ ಹಗ್ಗವು ಬಿಚ್ಚಿಕೊಳ್ಳದೆ ನೆಟ್ಟಗಿರುತ್ತದೆ. ಇಲ್ಲಿಯೂ ಹಾಗೆಯೇ, ಬಲಕ್ಕೊಂದು ಸುತ್ತು, ಎಡಕ್ಕೊಂದು ಸುತ್ತು ವಾಲಿ ಗೆರೆಯು ನೇರವಾಗಿ ನಿಲ್ಲುತ್ತದೆ. ಆದರೆ ಹೀಗೆ ಹೆಣೆದ ಬಟ್ಟೆಯ ಮೈ ಬೇರೆ ತೆರನಾಗಿ ಕಾಣುವುದರಿಂದ, ತಿರುಗಿಸುವುದಾದರೆ ಮೊದಲ ಸುತ್ತಿನಿಂದಲೇ ತಿರುಗಿಸಬೇಕು. ಮೈಯನ್ನು ತಿರುಗಿಸಿ ಹೆಣೆದು ತೋಳುಗಳನ್ನು ತಿರುಗಿಸದೆ ಹೆಣೆಯಬಾರದು.

ತಿರುಗಿಸಲು ಒಲ್ಲದವರು ತ್ರೈರಾಶಿಕವನ್ನು ನೆನೆಯಲಿ. ಮೊದಲು ಅದೇ ನೂಲು, ಅದೇ ಕಡ್ಡಿಗಳಿಂದ ಒಂದು ಚಿಕ್ಕ ಕೊಳವೆಯನ್ನು 12 ಸುತ್ತುಗಳಷ್ಟು ಹೆಣೆದು, ಗೆರೆಯು ಎಷ್ಟು ಕಣ್ಣು ಜರುಗಿತೆಂದು ನೋಡಬೇಕು. 12 ಸುತ್ತುಗಳಿಗೆ 3 ಕಣ್ಣು ಜರುಗಿದರೆ 48 ಸುತ್ತುಗಳಿಗೆ 12 ಕಣ್ಣು. 96 ಕಣ್ಣುಗಳ ಅಂಗಿಯಲ್ಲಿ ಪಕ್ಕದಿಂದ ಎದೆಯ ನಡುವಿಗೆ 24 ಕಣ್ಣುಗಳಿರುವುದರಿಂದ, ಗೆರೆಯು ಅರ್ಧದಾರಿಗೆ ಬಂದಿರುತ್ತದೆ. ಹಾಗಾದರೆ ನಾಲ್ಕು ಸುತ್ತುಗಳಿಗೊಮ್ಮೆ ಆರಂಭದ ಸ್ಥಳವನ್ನು ಒಂದು ಕಣ್ಣು ಎಡಕ್ಕೆ ಸರಿಸಿದರೆ ಸಾಕು. ಸುತ್ತನ್ನು ಸೇರಿಸಿದ ಮೇಲೆ ಪಕ್ಕದ ಕಣ್ಣಿಗೊಂದು ಸ್ಲಿಪ್ ಸ್ಟಿಚ್ ಹಾಕಿ ಅಲ್ಲಿಂದ ಹೊಸ ಸುತ್ತನ್ನು ಹಿಡಿಯಬೇಕು. ಬಿಟ್ಟ ಆ ಮೊದಲ ಸ್ಥಳವು ಸುತ್ತಿನ ಕೊನೆಯ ಕಣ್ಣಿಗೆ ಒದಗುವುದರಿಂದ ಎಣಿಕೆ ಕೆಡುವುದಿಲ್ಲ. ಇದರಿಂದ ಗೆರೆ ನೇರವಾಗುವುದೇ ಹೊರತು ಕಣ್ಣುಗಳ ವಾಲಿಕೆ ಹೋಗುವುದಿಲ್ಲ. ಆದುದರಿಂದ ಬಣ್ಣದ ಹೂವುಗಳನ್ನೋ ನಿಲುಪಟ್ಟೆಗಳನ್ನೋ ಹೆಣೆಯುವವರಿಗೆ ಈ ಉಪಾಯವು ಸಾಲದು. ಅವರು ಡಬಲ್ ಕ್ರೋಶಾ ಹಾಕುವಾಗ ಮೊದಲನೆಯ ಎಳೆತದಲ್ಲಿ ನೂಲನ್ನು ಕಡ್ಡಿಯ ಮೇಲೆ ಸುತ್ತಿಕೊಳ್ಳದೆ, ಕಡ್ಡಿಯ ಕೊಕ್ಕೆಯನ್ನು ನೂಲಿನ ಮೇಲಿನಿಂದ ಇಳಿಸಿ ಎಳೆದರೆ, ಕಣ್ಣಿನ ಕಾಲುಗಳು ಕತ್ತರಿಯಂತೆ ಅಡ್ಡಹಾಯ್ದು ವಾಲಿಕೆಯು ಕಡಮೆಯಾಗುತ್ತದೆ. ಹೆಣಿಗೆ ಬಿಗಿಯಾಗುವುದರಿಂದ ಅಳತೆಯನ್ನು ಮೊದಲೇ ನೋಡಿಕೊಳ್ಳಬೇಕು.

ಜೋಡಣೆಯೇ ಬೇಡವೆನ್ನುವವರು ಚಕ್ಕುಲಿ ಸುತ್ತಿದಂತೆ ಎಡೆಬಿಡದೆ ಸುತ್ತುತ್ತ ಹೋಗಬಹುದು. ಆಗ ಗೆರೆಯಿರುವುದಿಲ್ಲ, ಆದರೆ ಕಣ್ಣುಗಳ ವಾಲಿಕೆ ಇದ್ದೇ ಇರುತ್ತದೆ, ಕೊನೆಯಲ್ಲಿ ಒಂದು ಮೆಟ್ಟಿಲೂ ಉಳಿಯುತ್ತದೆ. ಯಾವ ಬಗೆಯಿಂದ ಹೆಣೆದರೂ ಒಂದು ಎಚ್ಚರಿಕೆಯನ್ನು ಮರೆಯಲಾಗದು. ಕಂಕುಳನ್ನು ಬಿಡಬೇಕಾದಾಗ ಗೆರೆಯಿಂದ ಅಳೆಯಬಾರದು. ಅಂಗಿಯನ್ನು ಚಾಪೆಯ ಮೇಲೆ ಸಮನಾಗಿ ಹಾಸಿ, ಎರಡು ಮಡಿಕೆಗಳಲ್ಲಿಯೂ ದಾರ ಕಟ್ಟಿ, ಅಲ್ಲಿಂದ ಅಳೆಯಬೇಕು. ಹೀಗೆ ಮಾಡಿದರೆ ಗೆರೆ ಎಲ್ಲಿಯೇ ಇರಲಿ, ತೋಳುಗಳು ತಮ್ಮ ಸ್ಥಳದಲ್ಲಿರುತ್ತವೆ. ಉಡುಪು ಮೈಮೇಲೆ ತಿರುಚಿಕೊಳ್ಳುವುದಿಲ್ಲ.

ಹೆಣೆದಾದ ಮೇಲೆ ನೆನೆಸಿ, ಎಳೆದು, ಪಿನ್ನುಗಳಿಂದ ಬಿಗಿದು ನೇರಮಾಡಬಹುದೆಂದು ಕೆಲವರು ಹೇಳುತ್ತಾರೆ. ಆ ಸಲಹೆ ನಮ್ಮ ಮಲೆನಾಡಿಗೆ ಹೊಂದತಕ್ಕದ್ದಲ್ಲ. ಆಷಾಢದಲ್ಲಿ ನೆನೆಸಿದ ಉಣ್ಣೆ ಒಣಗುವುದರೊಳಗೆ ಬೂಸಲು ಹಿಡಿಯುತ್ತದೆ. ಒಲೆಯ ಮೇಲೆ ಒಣಗಹಾಕಿದರೆ ಹೊಗೆಯ ವಾಸನೆ ಬಿಡುವುದಿಲ್ಲ. ಈಗ ಅಂಗಡಿಯಲ್ಲಿ ಉಲ್ಲನ್ ಎಂದು ಮಾರುವುದರಲ್ಲಿ ಅಕ್ರಿಲಿಕ್ ಎಂಬ ಕೃತಕ ನೂಲೇ ಹೆಚ್ಚು. ಅದು ಬರಿಯ ನೀರಿನ ಎಳೆತಕ್ಕೆ ಉಣ್ಣೆಯಂತೆ ಮಣಿಯುವುದಿಲ್ಲ. ಅಲ್ಲದೆ ವಾಲಿಕೆಯು ಕಣ್ಣಿನ ಕಟ್ಟಿನಲ್ಲಿಯೇ ಇರುವುದರಿಂದ, ಇಂದು ಎಳೆದು ನೇರಮಾಡಿದರೂ ನಾಲ್ಕು ಸಲ ಒಗೆದ ಮೇಲೆ ಮತ್ತೆ ಬರುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಮುಖ್ಯವಾದ ಅಭಿಪ್ರಾಯಕ್ಕೆ ಬರುತ್ತೇವೆ. ಸಾಗರದ ಗುಡಿಗಾರರು ಗಂಧದ ಮರದ ಮೇಲೆ ಉಳಿಯಿಡುವಾಗ ಮರದ ಎಳೆಯು ಯಾವ ಕಡೆಗೆ ಓಡಿದೆಯೆಂದು ನೋಡದೆ ಇಡುವುದಿಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1865ರಲ್ಲಿ ಅಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಹಂಚಿನ ಕೆಲಸದಲ್ಲಿ ಒಂದು ಹಂಚು ಬಾಗಿದರೆ ಮಣ್ಣನ್ನೂ ಗೂಡಿನ ಬೆಂಕಿಯನ್ನೂ ಪರೀಕ್ಷಿಸುವುದೇ ಕ್ರಮ. ಹುಡುಗಿಯ ಹೆಣಿಗೆ ಬಾಗಿದರೆ ಮಾತ್ರ ನಾವು ನೂಲನ್ನೂ ಕಣ್ಣನ್ನೂ ಪರೀಕ್ಷಿಸದೆ ಹುಡುಗಿಯನ್ನು ಗದರಿಸುತ್ತೇವೆ. ಇದಕ್ಕೆ ಕಾರಣವೇನು? ಗಂಡಸರ ಕೈಗೆಲಸವನ್ನು ಕಸಬೆಂದೂ ಹೆಂಗಸರ ಕೈಗೆಲಸವನ್ನು ಬರಿಯ ತಾಳ್ಮೆಯೆಂದೂ ಎಣಿಸುತ್ತ ಬಂದಿದ್ದೇವೆ. ಕಸಬಿನಲ್ಲಿ ತಪ್ಪಾದರೆ ಕಾರಣವನ್ನು ಹುಡುಕಬೇಕು. ತಾಳ್ಮೆಯಲ್ಲಿ ತಪ್ಪಾದರೆ ಬುದ್ಧಿ ಹೇಳಿದರೆ ಸಾಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಈ ಭಾವನೆಯಿಂದ ಆಗುವ ನಷ್ಟವು ಬಹುಮಾನವೊಂದು ತಪ್ಪಿಹೋಗುವಷ್ಟಕ್ಕೇ ನಿಲ್ಲುವುದಿಲ್ಲ. ಆಂಧ್ರ ದೇಶದಲ್ಲಿ ಗೋದಾವರಿಯ ತೀರದ ನರಸಾಪುರದ ಸೀಮೆಯ ಹೆಂಗಸರು 19ನೆಯ ಶತಮಾನದಲ್ಲಿ ಮಿಶನರಿಗಳಿಂದ ಕ್ರೋಶಾ ಲೇಸನ್ನು ಕಲಿತರು. ಅದು ಹೊರದೇಶಗಳಿಗೆ ಹೋಗುವ ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಮರಿಯಾ ಮೀಸ್ ಎಂಬ ವಿದುಷಿಯು ಆ ಹೆಂಗಸರ ಜೀವನವನ್ನು ಕುರಿತು ಬರೆದ ಗ್ರಂಥವು 1982ರಲ್ಲಿ ಪ್ರಕಟವಾಯಿತು. ಹೆಣೆಯುವವರನ್ನು ಮನೆಯಲ್ಲಿ ಬಿಡುವಿನ ವೇಳೆಯನ್ನು ಕಳೆಯುವ ಗೃಹಿಣಿಯರೆಂದು ಕಂಡದ್ದರಿಂದಲೇ ಅವರಿಗೆ ಕೂಲಿ ಬಹು ಅಲ್ಪವಾಯಿತೆಂದು ಆಕೆ ತೋರಿಸಿದ್ದಾರೆ. ಆ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕವೆಂಬ ಮನ್ನಣೆ ದೊರೆಯಿತು. ಕೆಲಸದ ಹೆಸರಿಗೆ ಮನ್ನಣೆ ಬರುವುದು ಸಂತೋಷವೇ. ಆದರೆ ಕೆಲಸದೊಳಗೆ ವಿದ್ಯೆಯಿದೆಯೆಂದು ನಮ್ಮ ಶಾಲೆಗಳೇ ಒಪ್ಪದಿದ್ದರೆ, ಅದನ್ನು ಕೊಳ್ಳುವವರು ಒಪ್ಪಿಯಾರೆ?

ಬಿಚ್ಚಿ ಮತ್ತೆ ಹೆಣೆಯುವುದರಿಂದ ಹುಡುಗಿಯರಿಗೆ ಶಿಸ್ತು ಬರುತ್ತದೆಂದು ಹಿರಿಯ ಉಪಾಧ್ಯಾಯಿನಿಯರು ಹೇಳುವರು. ಅವರ ಅನುಭವವನ್ನು ನಾವು ಗೌರವಿಸುತ್ತೇವೆ. ತಪ್ಪಿರುವಲ್ಲಿ ಬಿಚ್ಚಿಸುವುದು ಯುಕ್ತವೇ. ನಾವೂ ಹಾಗೆಯೇ ಕಲಿತವರು. ಆದರೆ ಮೂರು ಸಲ ಬಿಚ್ಚಿದ ಮೇಲೆಯೂ ಅದೇ ಗೆರೆ ಅದೇ ಸ್ಥಳಕ್ಕೆ ಬಂದರೆ, ಅಲ್ಲಿ ಶಿಸ್ತು ಬೇಕಾದುದು ಹುಡುಗಿಗಲ್ಲ, ಹೇಳಿಕೊಡುವವರಿಗೆ. ಕಾರಣವಿಲ್ಲದೆ ಬಿಚ್ಚಿಸಿದ ಕೆಲಸವು ಹುಡುಗಿಗೆ ಕಲಿಸುವುದು ಒಂದನ್ನೇ: ತನ್ನ ಕಣ್ಣು ಕಂಡದ್ದನ್ನು, ತಾನು ಎಣಿಸಿ ತಿಳಿದದ್ದನ್ನು ನಂಬಬಾರದೆಂಬುದನ್ನು. ವಿದ್ಯಾಶಾಲೆಯು ಕಲಿಸತಕ್ಕ ಪಾಠವು ಅದಲ್ಲ.

ಆದಕಾರಣ ನಮ್ಮ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಕೈಗೆಲಸವನ್ನು ಕಲಿಸುವವರಿಗೆ ನಮ್ಮ ಬಿನ್ನಹವಿದು. ಸುತ್ತು ಕೆಲಸವನ್ನು ಆರಂಭಿಸುವ ಮೊದಲು ಪ್ರತಿಯೊಬ್ಬ ಹುಡುಗಿಯಿಂದಲೂ 12 ಸುತ್ತುಗಳ ಒಂದು ಕೊಳವೆಯನ್ನು ಹೆಣೆಯಿಸಿ, ಗೆರೆ ಜರುಗುವುದನ್ನು ಆಕೆಯೇ ಕಂಡು ಅಳೆಯುವಂತೆ ಮಾಡಿರಿ. ಓರೆಗೆರೆಯನ್ನು ಕಂಡಾಗ ಮೊದಲು ಎಣಿಸಿರಿ, ಬಳಿಕ ಯಾವ ಕಡೆಗೆ ವಾಲಿದೆಯೆಂದು ನೋಡಿರಿ, ಆಮೇಲೆ ಮಾತನಾಡಿರಿ. ಪ್ರದರ್ಶನದಲ್ಲಿ ತೀರ್ಪು ಹೇಳುವವರು ಹೆಣೆದವಳನ್ನು ಕರೆದು, ಹೀಗೇಕಾಯಿತೆಂದು ಕೇಳಲಿ. ಕಾರಣವನ್ನು ಬಲ್ಲವಳ ಓರೆಗೆರೆಯು ಕಾರಣವನ್ನರಿಯದವಳ ನೇರಗೆರೆಗಿಂತ ಕಡಮೆಯದಲ್ಲ.

ಆ ವಿದ್ಯಾರ್ಥಿನಿಯು ಈಗ ಎಲ್ಲಿರುವಳೋ ನಮಗೆ ತಿಳಿಯದು. ಈ ಸಂಚಿಕೆಯು ಆಕೆಯ ಕೈಸೇರಿದರೆ, ಆ ದಿನ ಆಕೆಯ ಎಣಿಕೆ ಸರಿಯಾಗಿತ್ತೆಂದೂ ತಪ್ಪು ನಮ್ಮದಾಗಿತ್ತೆಂದೂ ಇಲ್ಲಿ ಅಚ್ಚಿನಲ್ಲಿ ಒಪ್ಪಿಕೊಂಡಿದ್ದೇವೆ. ಆ ಅಂಗಿಯನ್ನು ತೊಟ್ಟು ಅವಳ ತಮ್ಮನು ಒಂದು ಮಳೆಗಾಲವನ್ನಾದರೂ ಬೆಚ್ಚಗೆ ಕಳೆದಿದ್ದರೆ ನಮಗೆ ಅಷ್ಟೇ ಸಮಾಧಾನ.